ಮರೆಯಲ್ಲಿ ನಿಂತ ಮಾತು

ಅಂಕೋಲೆಯಿಂದ ಹುಬ್ಬಳ್ಳಿಯ ಕಡೆಗೆ ಹೊರಟ ಹೆದ್ದಾರಿಯು ಗಂಗಾವಳಿಯ ಕಣಿವೆಯನ್ನು ಹಿಡಿದು ಕಾಡಿನ ನಡುವೆ ಸಾಗುವಾಗ ಸುಂಕಸಾಳವೆಂಬ ಊರು ಸಿಕ್ಕುತ್ತದೆ. ಆಷಾಢ ಹುಟ್ಟಿ ಆ ಸೀಮೆಯಲ್ಲಿ ಮಳೆ ಹಿಡಿಯಿತೆಂದರೆ ಬಯಲಾಟದ ಕಿರೀಟ, ಭುಜಕೀರ್ತಿಗಳೆಲ್ಲ ಪೆಟ್ಟಿಗೆಯನ್ನು ಸೇರುತ್ತವೆ. ಆದರೆ ಕಥೆಗೆ ಬಿಡುವಿಲ್ಲ. ಘಟ್ಟದ ಕೆಳಗಿನ ಊರುಗಳಲ್ಲಿ ದೇವಸ್ಥಾನದ ಚಂದ್ರಶಾಲೆಯಲ್ಲೋ, ಯಾರದೋ ಮನೆಯ ಜಗುಲಿಯಲ್ಲೋ ತಾಳಮದ್ದಳೆಯ ಕೂಟ ಕೂಡುತ್ತದೆ.

ತಾಳಮದ್ದಳೆಯಲ್ಲಿ ಬಣ್ಣವಿಲ್ಲ, ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಮಾತನಾಡುತ್ತಾರೆ. ಅಷ್ಟೇ. ಸೀತೆಯ ಅರ್ಥ ಹೇಳುವವರು ಶಾಲು ಹೊದ್ದು, ಕವಳ ಹಾಕಿ, ನರೆತ ಮೀಸೆಯನ್ನು ಒಮ್ಮೆ ನೀವಿಕೊಂಡು ಕುಳಿತ ಹಿರಿಯರೊಬ್ಬರಾಗಿರಬಹುದು. ಅವರು ಬಾಯಿ ತೆರೆದ ಕ್ಷಣದಿಂದ ಆ ಮೀಸೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅಗ್ನಿಪರೀಕ್ಷೆಯ ಮಾತು ಬಂದಾಗ ಕಂಬಕ್ಕೊರಗಿ ಕುಳಿತ ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಾರೆ. ಮಾತೊಂದೇ ಮುಖವನ್ನು ಕಟ್ಟಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆದರೂ ಒಂದು ಭೇದವುಂಟು. ತಾಳಮದ್ದಳೆಯ ಅರ್ಥಧಾರಿ ಸಭೆಯ ಎದುರಿಗೇ ಕುಳಿತಿರುತ್ತಾನೆ. ಮಾತು ಮುಗಿದ ಮೇಲೆ, ‘ಇಂದಿನ ಸೀತೆ ಇಂಥವರದು’ ಎಂದು ಊರೆಲ್ಲ ಮಾತಾಡಿಕೊಳ್ಳುತ್ತದೆ. ಚಲಚ್ಚಿತ್ರದಲ್ಲಿಯೂ ಮಾತಿನಿಂದಲೇ ಮುಖ ಕಟ್ಟುವ ಒಂದು ಕಸುಬು ಇದೆ. ಅದಕ್ಕೆ ಕಂಠದಾನವೆಂದು ಹೆಸರು. ಅಲ್ಲಿ ಮುಖ ಒಬ್ಬರದು, ಮಾತು ಇನ್ನೊಬ್ಬರದು. ಮುಖದವರ ಹೆಸರು ಊರಗಲದ ಭಿತ್ತಿಪತ್ರದ ಮೇಲೆ. ಮಾತಿನವರ ಹೆಸರು ಬಹುಮಟ್ಟಿಗೆ ಎಲ್ಲಿಯೂ ಇಲ್ಲ.

‘ದಾನ’ವೆಂಬ ಹೆಸರು ಈ ಕಸುಬಿಗೆ ಹೇಗೆ ಬಂತೋ, ಬಹಳ ಒಪ್ಪುವಂತೆ ಬಂದಿದೆ. ಕೊಟ್ಟದ್ದನ್ನು ಹೇಳಿಕೊಳ್ಳಬಾರದೆಂಬುದು ದಾನದ ನಿಯಮವಲ್ಲವೆ?

ಕನ್ನಡದಲ್ಲಿ ಹೀಗೆ ದಾನ ಮಾಡಿದವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು ಶ್ರೀಮತಿ ಬಿ. ಜಯಶ್ರೀ. ರಂಗಭೂಮಿಯನ್ನು ಬಲ್ಲವರಿಗೆ ಅವರ ಪರಿಚಯ ಬೇಕಿಲ್ಲ. ಗುಬ್ಬಿ ವೀರಣ್ಣನವರ ಮೊಮ್ಮಗಳು. ಕಂಪೆನಿಯ ನಟಿಯಾಗಿದ್ದ ಮಾಲತಮ್ಮನವರ ಮಗಳು. 1950ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಹುಡುಗಿಗೆ ತೊಟ್ಟಿಲಿಗೂ ರಂಗಕ್ಕೂ ನಡುವೆ ಹೆಚ್ಚಿನ ದೂರವಿರಲಿಲ್ಲ. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದ ಕಂಪೆನಿ ಅದು. ಅಂಥ ಗದ್ದಲವನ್ನು ಮೀರಿ, ಕಟ್ಟಕಡೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತ ಪ್ರೇಕ್ಷಕನಿಗೂ ಅಕ್ಷರ ಅಕ್ಷರವಾಗಿ ಮಾತು ಮುಟ್ಟಿಸಬೇಕಾದರೆ ಎಂಥ ಕಂಠ ಬೇಕು! ಧ್ವನಿವರ್ಧಕವನ್ನು ನೆಚ್ಚಿದವರಿಗೆ ದಕ್ಕದ ಸಂಪತ್ತು ಅದು.

ಮನೆತನದ ವಿದ್ಯೆಯ ಮೇಲೆ ಶಾಲೆಯ ವಿದ್ಯೆಯೂ ಸೇರಿತು. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಇಬ್ರಾಹಿಂ ಅಲ್ಕಾಜಿಯವರ ಕೈಕೆಳಗೆ ಕಲಿತು 1973ರಲ್ಲಿ ಅವರು ಹೊರಬಂದರು. ಬಿ. ವಿ. ಕಾರಂತರ ಜೊತೆಗೆ ಕೆಲಸ ಮಾಡಿದರು. 1976ರಲ್ಲಿ ‘ಸ್ಪಂದನ’ವೆಂಬ ತಂಡವನ್ನು ಕಟ್ಟಿದರು. ‘ಲಕ್ಷಾಪತಿ ರಾಜನ ಕಥೆ’, ಚಂದ್ರಶೇಖರ ಕಂಬಾರರ ಕಾದಂಬರಿಯನ್ನು ಆಧರಿಸಿದ ‘ಕರಿಮಾಯಿ’ ಮುಂತಾದ ಪ್ರಯೋಗಗಳಲ್ಲಿ ಅವರ ಹಾಡು, ಮಾತು, ನಿರ್ದೇಶನ ಮೂರನ್ನೂ ಕನ್ನಡಿಗರು ಕಂಡರು. 1996ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 2010ರಲ್ಲಿ ರಾಜ್ಯಸಭೆಗೆ ನಾಮಕರಣ, 2013ರಲ್ಲಿ ಪದ್ಮಶ್ರೀ. ಇಷ್ಟೆಲ್ಲ ಬಂದದ್ದು ರಂಗದ ಮೇಲೆ ಕಾಣಿಸಿಕೊಂಡ ಜಯಶ್ರೀಗೆ.

ಕಾಣಿಸದೆ ಉಳಿದ ಜಯಶ್ರೀ ಇನ್ನೊಬ್ಬರಿದ್ದಾರೆ. ಮಾಧವಿ, ಜಯಪ್ರದಾ, ಅಂಬಿಕಾ, ಗಾಯತ್ರಿ, ಸುಮಲತಾ ಮೊದಲಾದ ನಾಯಕಿಯರು ಕನ್ನಡದ ತೆರೆಯ ಮೇಲೆ ಆಡಿದ ಮಾತುಗಳಲ್ಲಿ ಎಷ್ಟೋ ಮಾತುಗಳು ಈ ಕಂಠದಿಂದ ಹೊರಟವು. ಮಾಧವಿ, ಜಯಪ್ರದಾ ತೆಲುಗಿನ ಕಡೆಯವರು, ಅಂಬಿಕಾ ಮಲೆಯಾಳದವರು. ಅವರ ಕಣ್ಣಿಗೆ ಭಾಷೆಯ ಹಂಗಿರಲಿಲ್ಲ. ನಾಲಗೆಗೆ ಮಾತ್ರ ಅದು ಇತ್ತು. ‘ಅಳ’ಕ್ಕೂ ‘ಅಲ’ಕ್ಕೂ ಇರುವ ಅಂತರ, ಮನೆಯೊಳಗಿನ ಸಿಟ್ಟಿಗೂ ಬೀದಿಯ ಸಿಟ್ಟಿಗೂ ಇರುವ ಅಂತರ, ಇವೆಲ್ಲ ಕನ್ನಡದ ಅಡುಗೆಮನೆಯಲ್ಲಿ ಬೆಳೆದವರಿಗಲ್ಲದೆ ಬಾರವು. ಆ ಅಂತರವನ್ನು ತುಂಬಿದವರು ಜಯಶ್ರೀಯವರಂಥ ಕಲಾವಿದೆಯರು. ಪ್ರೇಕ್ಷಕರು ನಾಯಕಿಯ ಅಳುವಿಗೆ ಅತ್ತರು. ಆ ಅಳು ಬೇರೊಬ್ಬರದೆಂದು ಅವರಿಗೆ ತಿಳಿಯಲಿಲ್ಲ. ತಿಳಿಯದಿದ್ದುದೇ ಕೆಲಸ ಚೆನ್ನಾಗಿ ಆಗಿದೆಯೆಂಬುದಕ್ಕೆ ಗುರುತು. ಈ ಕಸುಬಿನ ಸೊಗಸು ಅಲ್ಲಿದೆ. ಸಂಕಟವೂ ಅಲ್ಲಿಯೇ ಇದೆ.

ಈ ಕೆಲಸ ನಡೆಯುವ ಬಗೆ ಕುತೂಹಲಕರವಾದುದು. ಹೊರಾಂಗಣದಲ್ಲಿ ಚಿತ್ರ ತೆಗೆಯುವಾಗ ಕ್ಯಾಮರಾದ ಗರಗರ ಸದ್ದು, ಗಾಳಿ, ಜನರ ಗದ್ದಲ ಎಲ್ಲವೂ ಸೇರಿರುತ್ತವೆ. ಆದುದರಿಂದ ಮಾತನ್ನು ಆಮೇಲೆ, ಸದ್ದು ತೂರದ ಕೋಣೆಯಲ್ಲಿ, ಬೇರೆಯಾಗಿ ಮುದ್ರಿಸುವುದು ರೂಢಿಯಾಯಿತು. ಹಿಂದೆ ಚಿತ್ರದ ಸುರುಳಿಯನ್ನು ಸಣ್ಣಸಣ್ಣ ತುಂಡುಗಳಾಗಿ ಕತ್ತರಿಸಿ, ತುಂಡಿನ ಎರಡು ತುದಿಗಳನ್ನೂ ಬಳೆಯಂತೆ ಅಂಟಿಸಿ ಯಂತ್ರಕ್ಕೆ ಹಾಕುತ್ತಿದ್ದರು. ಒಂದೇ ಮಾತಿನ ದೃಶ್ಯ ತೆರೆಯ ಮೇಲೆ ಮತ್ತೆ ಮತ್ತೆ ಸುತ್ತುತ್ತಿತ್ತು. ಕಲಾವಿದೆ ಕತ್ತಲೆಯಲ್ಲಿ ನಿಂತು ಆ ತುಟಿಗಳನ್ನು ನೋಡುತ್ತ ಮಾತು ಕೂಡಿಸಬೇಕು. ಪ, ಬ, ಮ ಅಕ್ಷರಗಳು ಬಂದಾಗ ತುಟಿ ಮುಚ್ಚಲೇಬೇಕು. ತೆರೆಯ ಮೇಲಿನ ತುಟಿ ತೆರೆದೇ ಇದ್ದರೆ ಪ್ರೇಕ್ಷಕ ನಕ್ಕುಬಿಡುತ್ತಾನೆ. ಉಸಿರು ಬಿಗಿಹಿಡಿದದ್ದು, ಗಂಟಲು ಕಟ್ಟಿದ್ದು, ಓಡಿ ಬಂದ ಏದುಸಿರು ಎಲ್ಲವನ್ನೂ ನಿಂತಲ್ಲಿ ನಿಂತು ಹುಟ್ಟಿಸಬೇಕು. ಎದುರಿಗೆ ನಾಯಕನಿಲ್ಲ, ತೋಟವಿಲ್ಲ, ಮಳೆಯಿಲ್ಲ. ಇರುವುದು ಒಂದು ಮೈಕು. ಈಗ ಸುರುಳಿಯ ಕಾಲ ಹೋಗಿ ಗಣಕಯಂತ್ರದ ಕಾಲ ಬಂದಿದೆ. ಬಳೆಯನ್ನು ಅಂಟಿಸುವ ಶ್ರಮ ತಪ್ಪಿದೆ. ಉಸಿರಿನ ಶ್ರಮ ತಪ್ಪಿಲ್ಲ.

ಇಲ್ಲಿ ಓದುಗರು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬಹುದು. ರಾಜಕುಮಾರರ ಮುಖಕ್ಕೆ ಪಿ. ಬಿ. ಶ್ರೀನಿವಾಸರು ಹಾಡಿದರೆಂಬುದನ್ನು ಅರಿಯದ ಕನ್ನಡಿಗನಿಲ್ಲ. ಗ್ರಾಮಫೋನ್ ತಟ್ಟೆಯ ಮೇಲೆ ಅವರ ಹೆಸರಿತ್ತು, ರೇಡಿಯೋದವರು ಅವರ ಹೆಸರನ್ನು ಹೇಳುತ್ತಿದ್ದರು, ಜಾತ್ರೆಯಲ್ಲಿ ಮಾರುವ ಹಾಡಿನ ಪುಸ್ತಕದಲ್ಲಿಯೂ ಅದು ಅಚ್ಚಾಗುತ್ತಿತ್ತು. ಮೂರು ನಿಮಿಷದ ಹಾಡಿಗೆ ದೊರೆತ ಮನ್ನಣೆ ಎರಡೂವರೆ ಗಂಟೆಯ ಮಾತಿಗೆ ಏಕೆ ದೊರೆಯಲಿಲ್ಲ? ಹಾಡು ಚಿತ್ರದಿಂದ ಬಿಡಿಸಿಕೊಂಡು ಹೊರಗೆ ಬಂದು ತಾನೇ ಬಾಳಬಲ್ಲದು. ಮಾತು ಮುಖಕ್ಕೆ ಅಂಟಿಕೊಂಡೇ ಇರುತ್ತದೆ. ಇದು ಒಂದು ಕಾರಣ. ನಾಯಕಿಯ ಮಾತು ನಾಯಕಿಯದಲ್ಲವೆಂದು ಗೊತ್ತಾದರೆ ತಾರೆಯ ಹೊಳಪು ಕುಗ್ಗೀತೆಂಬ ಅಳುಕು ಇನ್ನೊಂದು. ಜಯಶ್ರೀಯವರ ಕಂಠವನ್ನು ಅವರದೆಂದೇ ಊರು ಗುರುತಿಸಿ ಕುಣಿದದ್ದು 2001ರ ‘ನನ್ನ ಪ್ರೀತಿಯ ಹುಡುಗಿ’ ಚಿತ್ರದಲ್ಲಿ ಅವರು ಹಾಡಿದ ಹಾಡಿಗೆ! ಅದಕ್ಕೂ ಮೊದಲು ಎಷ್ಟೋ ವರ್ಷ ಅದೇ ಕಂಠವನ್ನು ಅದೇ ಜನ ಅರಿಯದೆ ಕೇಳಿದ್ದರು.

ಕನ್ನಡದಲ್ಲಿ ಈ ಕಸುಬು ಕುಂಟುತ್ತ ಸಾಗಿದ್ದಕ್ಕೆ ಮತ್ತೊಂದು ಇತಿಹಾಸವಿದೆ. ‘ಡಬ್ಬಿಂಗ್’ ಎಂಬ ಒಂದೇ ಮಾತಿಗೆ ಇಲ್ಲಿ ಎರಡು ಅರ್ಥ. ಕನ್ನಡದಲ್ಲಿಯೇ ತಯಾರಾದ ಚಿತ್ರದ ನಟಿಗೆ ಬೇರೊಬ್ಬರು ದನಿ ಕೊಡುವುದು ಒಂದು. ಬೇರೆ ಭಾಷೆಯ ಚಿತ್ರವನ್ನು ಇಡಿಯಾಗಿ ಕನ್ನಡದ ಮಾತಿನಲ್ಲಿ ಹೊರತರುವುದು ಇನ್ನೊಂದು. ವಿಚಿತ್ರವೆಂದರೆ, ಭಾರತದಲ್ಲಿ ಈ ಎರಡನೆಯ ಬಗೆಗೆ ನಾಂದಿ ಹಾಡಿದ್ದು ಕನ್ನಡ ಚಿತ್ರವೇ. 1943ರಲ್ಲಿ ಸುಬ್ಬಯ್ಯ ನಾಯ್ಡು, ಲಕ್ಷ್ಮೀಬಾಯಿ ಅಭಿನಯಿಸಿದ ‘ಸತ್ಯ ಹರಿಶ್ಚಂದ್ರ’ವನ್ನು ಎ. ವಿ. ಮೇಯಪ್ಪನ್ ಅವರು ತಮಿಳಿನ ಮಾತು ಕೂಡಿಸಿ 1944ರಲ್ಲಿ ತೆರೆಗೆ ತಂದರು. ಒಂದು ಭಾರತೀಯ ಭಾಷೆಯಿಂದ ಇನ್ನೊಂದಕ್ಕೆ ಡಬ್ ಆದ ಮೊದಲ ಚಿತ್ರವೆಂದು ಅದನ್ನು ಚಿತ್ರೇತಿಹಾಸದವರು ಎಣಿಸುತ್ತಾರೆ.

ಆ ಮೇಲೆ ಗಾಳಿ ತಿರುಗಿತು. ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳನ್ನು ನೆಚ್ಚಿಕೊಂಡಿದ್ದ ದಿನಗಳಲ್ಲಿ ಹೊರಗಿನ ಚಿತ್ರಗಳು ಅಗ್ಗದಲ್ಲಿ ಕನ್ನಡದ ಮಾತು ತೊಟ್ಟು ಬರತೊಡಗಿದರೆ ಇಲ್ಲಿಯ ನಟರ, ತಂತ್ರಜ್ಞರ ಹೊಟ್ಟೆಯ ಗತಿಯೇನು? 1960ರ ದಶಕದಲ್ಲಿ ಅ. ನ. ಕೃಷ್ಣರಾಯರು, ಮ. ರಾಮಮೂರ್ತಿಯವರು ಮುಂತಾದವರು ಈ ಪ್ರಶ್ನೆಯನ್ನೆತ್ತಿ ಚಳವಳಿ ಹೂಡಿದರು. ಡಬ್ಬಿಂಗ್ ನಿಂತಿತು. ಕನ್ನಡ ಚಿತ್ರೋದ್ಯಮ ಆ ನೆರಳಿನಲ್ಲಿ ಬೇರೂರಿ ಬೆಳೆಯಿತೆಂಬುದು ಸುಳ್ಳಲ್ಲ. ಆದರೆ ಗಿಡಕ್ಕೆ ಹಾಕಿದ ಬೇಲಿಯನ್ನು ಮರವಾದ ಮೇಲೂ ತೆಗೆಯದಿದ್ದರೆ ಬೇಲಿಯ ಆಚೆಗಿನ ಗಾಳಿ ಸುಳಿಯುವುದೆಂತು? ಅರ್ಧ ಶತಮಾನ ಕಳೆದ ಮೇಲೆ, 2015ರಲ್ಲಿ, ಡಬ್ಬಿಂಗ್ ಚಿತ್ರಗಳನ್ನು ತಡೆಯುವುದು ಸ್ಪರ್ಧೆಯ ಕಾನೂನಿಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗವು ತೀರ್ಪಿತ್ತಿತು. 2017ರಲ್ಲಿ ತಮಿಳಿನ ಚಿತ್ರವೊಂದು ‘ಸತ್ಯದೇವ್ ಐಪಿಎಸ್’ ಎಂಬ ಹೆಸರಿನಿಂದ ಕನ್ನಡದ ಮಾತಿನಲ್ಲಿ ಬಂತು. 2020ರಲ್ಲಿ, ಜನ ಮನೆಯಲ್ಲೇ ಉಳಿದ ದಿನಗಳಲ್ಲಿ, ದೂರದರ್ಶನದ ಪೆಟ್ಟಿಗೆಯಲ್ಲಿ ಹಿಂದಿಯ ‘ಮಹಾಭಾರತ’ ಕನ್ನಡದಲ್ಲಿ ಮಾತಾಡಿತು.

ಈ ನಡುವಿನ ಅರ್ಧ ಶತಮಾನದಲ್ಲಿ ಹೊರಜಗತ್ತಿನಲ್ಲಿ ಕಂಠದಾನದ ಕಥೆ ಹೇಗೆ ನಡೆಯಿತೆಂಬುದನ್ನೂ ಕೊಂಚ ನೋಡಬೇಕು.

1963ರ ಜನವರಿ 1ರಂದು ಜಪಾನಿನ ದೂರದರ್ಶನದಲ್ಲಿ ಒಸಾಮು ತೆಜುಕಾ ಎಂಬ ಚಿತ್ರಕಾರನ ಯಂತ್ರಬಾಲಕನೊಬ್ಬ ಹಾರಾಡತೊಡಗಿದ. ರೇಖೆಗಳಿಂದ ಚಲಿಸುವ ಇಂಥ ಜಪಾನೀ ಚಿತ್ರಗಳಿಗೆ ‘ಆನಿಮೆ’ ಎಂದು ಹೆಸರು. ಅದೇ ವರ್ಷ ಅಮೆರಿಕದಲ್ಲಿ ಫ್ರೆಡ್ ಲ್ಯಾಡ್ ಎಂಬವರು ಅದನ್ನು ‘ಆಸ್ಟ್ರೋ ಬಾಯ್’ ಎಂಬ ಹೆಸರಿನಿಂದ ಇಂಗ್ಲಿಷಿಗೆ ತಂದರು. 104 ಕಂತುಗಳು, ಮುಖ್ಯವಾಗಿ ದನಿ ಕೊಟ್ಟವರು ಮೂವರೇ! ಬಾಲಕನಿಗೆ ದನಿಯಾದವರು ಬಿಲ್ಲಿ ಲೂ ವಾಟ್ ಎಂಬ ನಟಿ. ಮುಂದೆ ಕಿಂಬಾ ಎಂಬ ಬಿಳಿಯ ಸಿಂಹದ ಮರಿಯೂ ಇಂಗ್ಲಿಷಿನಲ್ಲಿ ಅವರ ಕಂಠದಿಂದಲೇ ಮಾತಾಡಿತು. ಹುಡುಗರ ದನಿ ಪ್ರಾಯಕ್ಕೆ ಬಂದೊಡನೆ ಒಡೆಯುತ್ತದೆ. ಹೆಣ್ಣಿನ ಕಂಠ ವರ್ಷಗಟ್ಟಲೆ ಒಂದೇ ಹದದಲ್ಲಿ ನಿಲ್ಲುತ್ತದೆ. ಆದುದರಿಂದ ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ಬಾಲಕರ ಮಾತು ಹೆಂಗಸರ ಪಾಲಿಗೆ ಬಂತು. ಘಟ್ಟದ ಕೆಳಗೆ ಗಂಡಸರು ಸೀತೆಯಾಗುವಂತೆ ಅಲ್ಲಿ ಹೆಂಗಸರು ಹುಡುಗರಾದರು. ಜಪಾನಿನ ಡೋರೇಮಾನ್ ಎಂಬ ಯಾಂತ್ರಿಕ ಬೆಕ್ಕಿಗೆ ನೊಬುಯೋ ಓಯಾಮಾ ಎಂಬ ನಟಿ 1979ರಿಂದ 2005ರವರೆಗೆ, ಇಪ್ಪತ್ತಾರು ವರ್ಷ, ದನಿಯಾಗಿದ್ದರು. ಆ ಬೆಕ್ಕು ಹಿಂದಿಯಲ್ಲಿ ಮಾತಾಡತೊಡಗಿದಾಗ ಅದಕ್ಕೆ ಕಂಠ ಕೊಟ್ಟವರು ಸೋನಲ್ ಕೌಶಲ್. ಆಗ ಅವರು ಇನ್ನೂ ಶಾಲೆಗೆ ಹೋಗುವ ಹುಡುಗಿ.

ಇಂಗ್ಲಿಷಿನ ಆನಿಮೆ ಕಲಾವಿದೆಯರು ಇಂದು ಮರೆಯಲ್ಲಿಲ್ಲ. ಅವರ ಕೈಬರಹಕ್ಕಾಗಿ ಅಭಿಮಾನಿಗಳ ಮೇಳಗಳಲ್ಲಿ ತರುಣರು ಸಾಲು ನಿಲ್ಲುತ್ತಾರೆ. ಅವರ ಕೆಲಸದ ರೀತಿಯೂ ತಾಳ ಬಲ್ಲವರು ಮೆಚ್ಚುವಂಥದು. ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ ಸಮನಾದ ಅಂತರದಲ್ಲಿ ಮೂರು ಸಲ ‘ಬೀಪ್’ ಎಂಬ ಸದ್ದು ಬರುತ್ತದೆ. ನಾಲ್ಕನೆಯ ಸದ್ದು ಬಾರದು. ಅದು ಬರಬೇಕಾದ ಗಳಿಗೆಗೆ ಸರಿಯಾಗಿ ಕಲಾವಿದೆಯ ಮಾತು ಎದ್ದುಕೊಳ್ಳಬೇಕು. ಮದ್ದಳೆಯ ಪೆಟ್ಟಿಗೆ ಪದ ಎತ್ತುವ ಭಾಗವತರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಆ ಕಲಾವಿದೆಯರಿಗೆ ಒಂದು ತೊಡಕಿದೆ. ಕನ್ನಡದವರಿಗೆ ಆ ತೊಡಕಿಲ್ಲ. ಜಪಾನೀ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಕನ್ನಡದಲ್ಲಿ ಬರುವ ಹಾಗೆಯೇ. ‘ನಿನ್ನ ತಂದೆ ಯುದ್ಧದಿಂದ ಮರಳಿ ಬರಲಿಲ್ಲ’ ಎಂಬ ಮಾತನ್ನು ತೆಗೆದುಕೊಳ್ಳಿ. ‘ಮರಳಿ’ ಎನ್ನುವವರೆಗೂ ಕೇಳುವ ಮಗುವಿನ ಕಣ್ಣಲ್ಲಿ ಆಸೆ ಇರಬಹುದು. ‘ಬರಲಿಲ್ಲ’ ಎಂಬ ಕಟ್ಟಕಡೆಯ ಪದದಲ್ಲಿ ಅದು ಆರುತ್ತದೆ. ಜಪಾನಿನ ಚಿತ್ರಕಾರ ಮುಖವನ್ನು ಬರೆಯುವುದೂ ಅದೇ ಕ್ರಮದಲ್ಲಿ. ಇಂಗ್ಲಿಷಿನಲ್ಲಿಯಾದರೋ ‘ಇಲ್ಲ’ ಎಂಬುದು ತಂದೆಯ ಹೆಸರಿನ ಬೆನ್ನಿಗೇ ಬಂದು ನಿಲ್ಲುತ್ತದೆ; ಕಣ್ಣು ಆರುವ ಮೊದಲೇ ಸುದ್ದಿ ಮುಗಿದಿರುತ್ತದೆ. ಅಲ್ಲಿಯ ಬರಹಗಾರರು ವಾಕ್ಯವನ್ನು ಹೊರಳಿಸಿ, ಒಡೆದು, ಹೊಂದಿಸಬೇಕು. ಸಾಲದುದಕ್ಕೆ ಜಪಾನೀ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುತ್ತವೆ. ಕನ್ನಡದ ಪದಗಳೂ ಹಾಗೆಯೇ. ಬಾಯಿ ತೆರೆದು ನಿಲ್ಲುವ ಬಗೆ ಎರಡರಲ್ಲೂ ಹತ್ತಿರ. ಜಪಾನಿನ ಆ ದೊಡ್ಡ ಕಣ್ಣಿನ ಮುಖಗಳಿಗೆ ಇಂಗ್ಲಿಷಿಗಿಂತ ಕನ್ನಡವೇ ಹೆಚ್ಚು ಒಪ್ಪುವ ಒಡವೆಯೆಂದರೆ ಅದು ಬರಿಯ ಅಭಿಮಾನದ ಮಾತಲ್ಲ.

ಹಾಗಿದ್ದೂ ಆ ಒಡವೆಯನ್ನು ತೊಡಿಸುವ ಕೈಗಳು ಕಡಿಮೆ. 2009ರಲ್ಲಿ ಆರಂಭವಾದ ‘ಚಿಂಟು’ ವಾಹಿನಿಯಲ್ಲಿ ಮಕ್ಕಳ ಕಾರ್ಟೂನುಗಳು ಕನ್ನಡದಲ್ಲಿ ಬಂದವು. ಅವುಗಳಿಗೆ ದನಿಯಾದವರ ಹೆಸರನ್ನು ಎಷ್ಟು ಮನೆಗಳಲ್ಲಿ ಬಲ್ಲರು?

ಎಲ್ಲಕ್ಕಿಂತ ಮನಸ್ಸನ್ನು ಚುಚ್ಚುವ ಸಂಗತಿ ಒಂದಿದೆ. ಜಪಾನಿನ ಯೂಗೋ ಸಾಕೋ ಎಂಬವರು ರಾಮಾಯಣಕ್ಕೆ ಮನಸೋತು, ಭಾರತದ ರಾಮಮೋಹನ್ ಅವರನ್ನೂ ಕೂಡಿಕೊಂಡು, 1992ರಲ್ಲಿ ಇಡೀ ರಾಮಕಥೆಯನ್ನು ಆನಿಮೆಯಾಗಿ ತಯಾರಿಸಿದರು. ಅದರ ಮೂಲ ಮಾತು ಇಂಗ್ಲಿಷು. ಜಪಾನಿನ ಕುಂಚದಲ್ಲಿ ಮೂಡಿದ ಸೀತೆಗೆ ಇಂಗ್ಲಿಷಿನಲ್ಲಿ ದನಿಯಾದವರು ಮುಂಬಯಿಯ ರಂಗನಟಿ ರೇಲ್ ಪದಮ್‌ಸಿ. ಹಿಂದಿಯಲ್ಲಿ ನಮ್ರತಾ ಸಾಹ್ನಿ. 2025ರ ಜನವರಿಯಲ್ಲಿ ಆ ಚಿತ್ರ ಹೊಸ ಹೊಳಪಿನೊಡನೆ ಭಾರತದ ಚಿತ್ರಮಂದಿರಗಳಿಗೆ ಬಂದಾಗ ಇಂಗ್ಲಿಷು, ಹಿಂದಿ, ತಮಿಳು, ತೆಲುಗುಗಳಲ್ಲಿ ಮಾತಾಡಿತು. ಕನ್ನಡದ ಸೀತೆ ಅಲ್ಲಿ ಇರಲಿಲ್ಲ.

ಕುಮಾರವ್ಯಾಸನ ನಾಡಿನಲ್ಲಿ, ಗುಬ್ಬಿ ಕಂಪೆನಿಯ ನಾಡಿನಲ್ಲಿ, ಜಯಶ್ರೀಯವರಂಥವರ ನಾಡಿನಲ್ಲಿ ಸೀತೆಗೆ ಕೊಡಲು ಒಂದು ಕಂಠ ಇರಲಿಲ್ಲವೆಂದು ಯಾರಾದರೂ ನಂಬುವರೆ? ಕಂಠಕ್ಕೆ ಬರವಿಲ್ಲ. ಅದನ್ನು ಕರೆಯುವವರಿಲ್ಲ; ಕರೆದರೂ ಹೆಸರು ಹಾಕುವವರಿಲ್ಲ. ಬೇಲಿ ಕಾನೂನಿನಲ್ಲಿ ಬಿದ್ದಿದೆ. ಅಭ್ಯಾಸದಲ್ಲಿ ಇನ್ನೂ ನಿಂತಿದೆ. ಮಾತಾಡಿದವರ ಹೆಸರನ್ನು ಮುಖ ತೋರಿಸಿದವರ ಹೆಸರಿನ ಪಕ್ಕದಲ್ಲಿ ಒಂದೇ ಅಳತೆಯ ಅಕ್ಷರದಲ್ಲಿ ಬರೆಯುವುದಕ್ಕೆ ತಗಲುವ ಖರ್ಚು ಎಷ್ಟು? ಅಷ್ಟು ಮಾಡಿದರೆ, ದನಿಯನ್ನೇ ನೆಚ್ಚಿ ಬದುಕಬಹುದೆಂಬ ಧೈರ್ಯ ನಾಳೆ ಒಬ್ಬ ಹುಡುಗಿಗೆ ಬರಬಹುದು.

ಅಂಥ ಹುಡುಗಿ ಸುಂಕಸಾಳದಲ್ಲಿಯೇ ಇರಲೂಬಹುದು. ಹಗಲಿನಲ್ಲಿ ಅವಳು ಪೆಟ್ಟಿಗೆಯ ಮುಂದೆ ಕುಳಿತು ಜಪಾನಿನ ಬೆಕ್ಕಿನ ಮಾತನ್ನು ಹಿಂದಿಯಲ್ಲಿ ಕೇಳುತ್ತಾಳೆ. ಕೇಳಿ ಅದರಂತೆಯೇ ಅಣಕವಾಡಿ ಮನೆಯವರನ್ನೆಲ್ಲ ನಗಿಸುತ್ತಾಳೆ. ಇರುಳಿನಲ್ಲಿ, ಹೊರಗೆ ಮಳೆ ಜಡಿಯುತ್ತಿರುವಾಗ, ತಾಳಮದ್ದಳೆಯ ಕೂಟದಲ್ಲಿ ಅಜ್ಜನ ತೊಡೆಗೆ ಒರಗಿ, ಅರೆನಿದ್ದೆಯಲ್ಲಿ, ನರೆಮೀಸೆಯ ಸೀತೆಯ ಮಾತನ್ನು ಕನ್ನಡದಲ್ಲಿ ಕೇಳುತ್ತಾಳೆ. ಎರಡು ವಿದ್ಯೆಯೂ ಅವಳ ಕಿವಿಯಲ್ಲಿ ಆಗಲೇ ಬಿದ್ದಿದೆ. ಬಾಯಿ ತೆರೆಯಲು ಅವಳಿಗೊಂದು ಕರೆ ಬರಬೇಕು. ತೆರೆದಾಗ ಅವಳ ಹೆಸರನ್ನು ಊರು ಕೇಳಿ ತಿಳಿಯಬೇಕು.